ಶೇ. 87ರ ಲೆಕ್ಕ

ಹಾಲಿವುಡ್ ನಟಿ ಏಂಜಲೀನಾ ಜೋಲಿ 2013ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ‘ಮೈ ಮೆಡಿಕಲ್ ಚಾಯ್ಸ್’ ಲೇಖನವನ್ನು ಹೊಗಳದವರು ಕಡಿಮೆ. ವಂಶವಾಹಿ ಪರೀಕ್ಷೆ ಮಾಡಿಸಿ, ರೋಗ ಬರುವ ಮೊದಲೇ ಸ್ತನಗಳ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಆಕೆಯ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ತಕರಾರು ಒಂದು ಪ್ಯಾರಾದ ಬಗ್ಗೆ.

ಅಲ್ಲಿ ಹತ್ತಿರ ಹತ್ತಿರವೇ ಎರಡು ಅಂಕಿ ಬರುತ್ತವೆ. ವೈದ್ಯರು ಆಕೆಗೆ ಹೇಳಿದ ಸ್ತನ ಕ್ಯಾನ್ಸರ್ ಅಪಾಯ ಶೇ. 87, ಬಿಆರ್‌ಸಿಎ1 ವಂಶವಾಹಿಯಲ್ಲಿ ದೋಷವಿರುವವರ ಸರಾಸರಿ ಶೇ. 65. ನಡುವಿನ ವ್ಯತ್ಯಾಸ ಎಲ್ಲಿಂದ ಬಂತು? ಒಬ್ಬೊಬ್ಬರ ಅಪಾಯ ಒಂದೊಂದು ಥರ ಎಂದಷ್ಟೇ ಹೇಳಿ ಲೇಖಕಿ ಮುಂದೆ ಹೋಗುತ್ತಾರೆ. 87 ಆಕೆಯ ರಕ್ತದಲ್ಲೇ ಬರೆದಿದ್ದ ಅಂಕಿ ಎಂದು ಓದುಗರು ನಂಬಿಬಿಡುತ್ತಾರೆ. ಆದರೆ ಇದೇ 87, ಸರಾಸರಿಯಾಗಿಯೇ, 1994ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಅಧ್ಯಯನವೊಂದರಲ್ಲಿದೆ. ಮನೆಯಲ್ಲಿ ಹಲವರಿಗೆ ಕ್ಯಾನ್ಸರ್ ಬಂದ ಕುಟುಂಬಗಳನ್ನೇ ಆರಿಸಿ, 70ನೇ ವಯಸ್ಸಿನೊಳಗಿನ ಅಪಾಯವನ್ನು ಅಲ್ಲಿ ಲೆಕ್ಕ ಹಾಕಿದ್ದರು. 2003ರಲ್ಲಿ ಕುಟುಂಬದ ಹಿನ್ನೆಲೆ ನೋಡದೆ ಆರಿಸಿದ ರೋಗಿಗಳಿಂದ ಶುರುಮಾಡಿದಾಗ ಸಿಕ್ಕಿದ್ದು 65. ವಂಶವಾಹಿ ಅದೇ, ಮನೆತನ ಬೇರೆ. ಅಜ್ಜಿ, ಚಿಕ್ಕಮ್ಮ ಯಾವ ವಯಸ್ಸಿಗೆ ಏನಾಗಿ ಹೋದರು ಎಂದು ವೈದ್ಯರು ಕೂತು ಕೇಳದಿದ್ದರೆ ಲ್ಯಾಬ್ ರಿಪೋರ್ಟ್ ಅರ್ಧ ಮಾತಷ್ಟೇ ಆಡುತ್ತದೆ. ಜೋಲಿಯ ತಾಯಿ 56ಕ್ಕೆ ತೀರಿಕೊಂಡದ್ದು ಆಕೆಯ ಲೇಖನದ ಮೊದಲ ಸಾಲಲ್ಲೇ ಇದೆ: ಕಣ್ಣೀರಾಗಿ ಇದೆ, ಲೆಕ್ಕಕ್ಕೆ ಬಂದಿಲ್ಲ. ‘ನಿಮಗೆಂದೇ ಮುಂಜಾಗ್ರತೆ’ ಎಂದು ಪರೀಕ್ಷೆ ಮಾರುವವರಿಗೆ ಇದಕ್ಕಿಂತ ಅನುಕೂಲದ ಬರವಣಿಗೆ ಸಿಗದು.

ಆ ಲೇಖನವನ್ನು ಬೈದವರೂ ಸರಿಯಾಗಿ ಓದಿದಂತಿಲ್ಲ. ಸಿರಿವಂತೆಯ ಚಿಂತೆ ಎಂದರು. ಪರೀಕ್ಷೆಗೆ 3000 ಡಾಲರಿಗೂ ಹೆಚ್ಚು ತಗಲುತ್ತದೆ, ಅದೇ ಹಲವರಿಗೆ ಅಡ್ಡಿ ಎಂದು ಲೇಖಕಿಯೇ ಬರೆದಿದ್ದರು. ಹೆಂಗಸರು ಆಪರೇಷನ್‌ಗೆ ಸಾಲುಗಟ್ಟುತ್ತಾರೆ ಎಂದರು. 2016ರ ‘ಬಿಎಂಜೆ’ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಲೇಖನ ಬಂದ 15 ಕೆಲಸದ ದಿನಗಳೊಳಗೆ ಪರೀಕ್ಷೆಗಳು ಶೇ. 64 ಏರಿದವು, ಸ್ತನ ತೆಗೆಸಿಕೊಳ್ಳುವವರ ಪ್ರಮಾಣ ಏರಲಿಲ್ಲ. ಇನ್ನು ‘ಅರಿವು ಮೂಡಿಸಿತು’ ಎಂದು ಕೊಂಡಾಡುವವರು. 2,500ಕ್ಕೂ ಹೆಚ್ಚು ಅಮೆರಿಕನ್ನರನ್ನು ಕೇಳಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಮೂವರಿಗೆ ಕಥೆ ಗೊತ್ತಿತ್ತು. ಆಕೆಗಿದ್ದ ಅಪಾಯದ ಅರ್ಥ ಸರಿಯಾಗಿ ತಿಳಿದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಇದೆಂಥ ಅರಿವೋ!

2015ರ ಮಾರ್ಚ್‌ನಲ್ಲಿ, ಅಂಡಾಶಯ ತೆಗೆಸಿಕೊಂಡ ಮೇಲೆ, ಜೋಲಿ ‘ಡೈರಿ ಆಫ್ ಎ ಸರ್ಜರಿ’ ಬರೆದರು. ಅಲ್ಲಿ ತಾಯಿ, ಅಜ್ಜಿ, ಚಿಕ್ಕಮ್ಮ ಮೂವರೂ ನಿರ್ಧಾರದ ಕಾರಣಗಳಾಗಿ ಬರುತ್ತಾರೆ; ದೋಷ ಕಂಡ ಮಾತ್ರಕ್ಕೆ ಆಪರೇಷನ್ನಿಗೆ ಧುಮುಕಬೇಕಿಲ್ಲ ಎಂಬ ಮಾತೂ ಇದೆ. ಅದನ್ನು ನೆನೆಯುವವರು ಕಡಿಮೆ. ಎರಡರಲ್ಲಿ ಒಂದನ್ನೇ ಓದುವುದಾದರೆ ಅದನ್ನು ಓದಿ.