ಯಂತ್ರರಚನೆಯಲ್ಲಿ ಔಚಿತ್ಯ

ಕಳೆದ ತಿಂಗಳು ನನ್ನ ಅಕ್ಕನ ಮಗನು, ತಾನೇ ಕೈಯಾರೆ ಜೋಡಿಸಬೇಕೆಂದಿದ್ದ ಮೊದಲ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಪಟ್ಟಿಯೊಂದನ್ನು ನೋಟುಪುಸ್ತಕದ ಹಾಳೆಯಲ್ಲಿ ಬರೆದು ತಂದು, “ಮಾಮ, ಎಸ್.ಪಿ. ರೋಡಿಗೆ ಹೋಗುವ ಮೊದಲು ಒಮ್ಮೆ ನೋಡಿಬಿಡಿ” ಎಂದು ನನ್ನ ಮುಂದಿಟ್ಟನು. ಹಗಲು ಬ್ಲೆಂಡರಿನಲ್ಲಿ ಅನಿಮೇಷನ್ನಿನ ಅಭ್ಯಾಸ, ರಾತ್ರಿ ಗೆಳೆಯರೊಡನೆ ಗೇಮು, ಎರಡಕ್ಕೂ ಒಂದೇ ಯಂತ್ರ ಒದಗಬೇಕೆಂಬುದು ಅವನ ಅಪೇಕ್ಷೆ. ಪಟ್ಟಿಯ ಶಿರೋಭಾಗದಲ್ಲಿ 16 ಕೋರುಗಳ ಪ್ರೊಸೆಸರ್ ವಿರಾಜಿಸುತ್ತಿದ್ದಿತು. ಅದರ ಕೆಳಗೆ ಬಣ್ಣದ ದೀಪಗಳ ಲಿಕ್ವಿಡ್ ಕೂಲರ್. ಅದರ ಕೆಳಗೆ 8 ಜಿಬಿಯ ಗ್ರಾಫಿಕ್ಸ್ ಕಾರ್ಡು. ಕಟ್ಟಕಡೆಯ ಸಾಲಿನಲ್ಲಿ, ವಿದ್ಯುತ್ತು ಒದಗಿಸುವ ಘಟಕಕ್ಕೆಂದು, ‘ಎಸ್‌ಎಂಪಿಎಸ್’ ಎಂದಷ್ಟೇ ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದನು.

ಇದು ಒಬ್ಬ ಹುಡುಗನ ಅವಿವೇಕವಲ್ಲ. ಮೊದಲ ಸಲ ಯಂತ್ರ ಕಟ್ಟಹೊರಟವರಲ್ಲಿ ಬಹುಮಂದಿ ಹಿಡಿಯುವ ದಾರಿಯೇ ಇದು. ಹೆಸರು ದೊಡ್ಡದಾದ ಭಾಗಕ್ಕೆ ಮೊದಲು ಹಣವನ್ನು ಸುರಿದು, ಮಿಕ್ಕ ಹಣದಲ್ಲಿ ಮಿಕ್ಕವನ್ನೆಲ್ಲ ಹೇಗೋ ಹೊಂದಿಸುವ ಈ ಪದ್ಧತಿಯಲ್ಲಿ ಉತ್ಸಾಹವಿದೆ, ಔಚಿತ್ಯವಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ನಿರ್ಣಯಿಸಿದನಷ್ಟೆ. ಬಿಡಿಭಾಗಗಳಿಂದ ಒಂದು ಇಡಿಯನ್ನು ಕಟ್ಟುವ ಯಾವ ಕೆಲಸಕ್ಕಾದರೂ ಆ ಮಾತು ಸಲ್ಲುವಂಥದು. ಆದರೆ ಔಚಿತ್ಯವನ್ನು ಅಳೆಯುವುದಕ್ಕೆ ಒಂದು ಒರೆಗಲ್ಲು ಬೇಕು. ನನ್ನದು ಇಷ್ಟೇ: ಮುಂದೆ ಸೇರಿಸಿಕೊಳ್ಳಬಹುದಾದದ್ದು ಇಂದು ಅಲ್ಪವಾಗಿದ್ದರೂ ಬಾಧಕವಿಲ್ಲ, ಮುಂದೆ ಸೇರಿಸಲು ಬಾರದ್ದು ಮೊದಲ ದಿನವೇ ಸಾಕಷ್ಟಿರಬೇಕು.

ಆಟಕ್ಕೂ ಸೃಷ್ಟಿಗೂ ಧರ್ಮ ಬೇರೆ ಬೇರೆ. 144 ಹರ್ಟ್ಸ್ ಮಾನಿಟರಿನ ಮುಂದೆ ಕುಳಿತು ಆಡುವವನಿಗೆ ಒಂದೊಂದು ಚಿತ್ರವೂ ಸುಮಾರು 7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಅಳಿಯುವ ಆ ಚಿತ್ರಕ್ಕೆ ವೇಗವೇ ಪ್ರಾಣ. ರೆಂಡರ್ ಮಾಡುವವನಾದರೋ ಒಂದು ಚಿತ್ರಕ್ಕಾಗಿ ನಿಮಿಷಗಟ್ಟಲೆ ಕಾಯಲು ಸಿದ್ಧನಾಗಿರುತ್ತಾನೆ. ಆದರೆ ಅವನ ದೃಶ್ಯದ ಆಕೃತಿಗಳೂ ಟೆಕ್ಸ್ಚರುಗಳೂ ಸಮಸ್ತವಾಗಿ ಕಾರ್ಡಿನ ಮೆಮೊರಿಯಲ್ಲಿ ಹಿಡಿಸದೆ ಹೋದರೆ ಕೆಲಸ ಕುಂಟುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ಆ ಮೆಮೊರಿಯೋ ಕಾರ್ಡಿಗೆ ಬೆಸೆದುಕೊಂಡೇ ಬರತಕ್ಕದ್ದು. ಎಷ್ಟು ಹಣ ಕೊಟ್ಟರೂ ಆಮೇಲೆ ಹೆಚ್ಚಿಸಲಾಗದು. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಕಾರ್ಡು 8 ಜಿಬಿ, 16 ಜಿಬಿ ಎಂಬ ಎರಡು ರೂಪಗಳಲ್ಲಿ ದೊರೆಯುತ್ತದೆ. ಲೆಕ್ಕ ಮಾಡುವ ಚಿಪ್ಪು ಎರಡರಲ್ಲಿಯೂ ಒಂದೇ. ಬ್ಲೆಂಡರನ್ನು ನೆಚ್ಚಿದವನು ಎರಡನೆಯದನ್ನೇ ಕೊಳ್ಳಬೇಕೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಬ್ಲೆಂಡರಿನ ಸೈಕಲ್ಸ್ ಎಂಬ ರೆಂಡರ್ ಎಂಜಿನ್ನು ತನ್ನ ಹೊರೆಯನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಬಲ್ಲುದಾದ್ದರಿಂದ, ಆ ಹೊತ್ತಿನಲ್ಲಿ 16 ಕೋರುಗಳ ಪ್ರೊಸೆಸರಿಗೆ ಹೆಚ್ಚಿನ ಕೆಲಸವೇ ಉಳಿಯುವುದಿಲ್ಲ. ಆರು ಕೋರುಗಳ ರೈಜನ್ 5 7600 ಆರಂಭಕ್ಕೆ ಸಾಕು. ಅದರ ಪೆಟ್ಟಿಗೆಯಲ್ಲಿಯೇ ಕೂಲರ್ ಬರುವುದರಿಂದ ದೀಪಾಲಂಕಾರದ ವೆಚ್ಚವೂ ಉಳಿದೀತು. ಆ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟು ಬಂದದ್ದು 2022ರಲ್ಲಿ. ಇದಕ್ಕೂ ಹಿಂದಿನ ಎಎಂ4 ಬೋರ್ಡುಗಳನ್ನು 2017ರಲ್ಲಿ ಕೊಂಡವರಲ್ಲಿ ಎಷ್ಟೋ ಮಂದಿ, ಬಯೋಸ್ ಒಂದನ್ನು ನವೀಕರಿಸಿಕೊಂಡು, 2022ರ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಿಕೊಂಡರು. ಪ್ರೊಸೆಸರ್ ಬದಲಾದೀತು, ಬೋರ್ಡು ಬಾಳೀತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ರ‍್ಯಾಮಿನ ವಿಷಯದಲ್ಲಿ ಮಾತ್ರ ನನ್ನ ಒರೆಗಲ್ಲನ್ನು ತುಸು ಎಚ್ಚರದಿಂದ ಬಳಸಬೇಕು: ಖಾಲಿ ಸ್ಲಾಟುಗಳನ್ನು ಕಂಡು ಆಮೇಲೆ ತುಂಬಿಕೊಳ್ಳೋಣವೆನಿಸುವುದು ಸಹಜ, ಆದರೆ ಎಎಂ5 ಬೋರ್ಡಿನಲ್ಲಿ ನಾಲ್ಕು ಸ್ಟಿಕ್ಕುಗಳನ್ನು ಹಾಕಿದಾಗ ವೇಗ ಸಾಮಾನ್ಯವಾಗಿ ತಗ್ಗುವುದರಿಂದ, 16 ಜಿಬಿಯ ಎರಡನ್ನು ಮೊದಲೇ ಜೊತೆಯಾಗಿ ಕೊಳ್ಳುವುದು ಮೇಲು. ಎಸ್‌ಎಸ್‌ಡಿಗೆ ಈ ತೊಡಕಿಲ್ಲ. ಇಂದು 1 ಟಿಬಿ ಇರಲಿ, ಎರಡನೆಯದು ಬೇಕಾದಾಗ ಬಂದೀತು.

ಇನ್ನು ಆ ಖಾಲಿ ಸಾಲು. ಕೆಲವು ವರ್ಷಗಳ ಹಿಂದೆ ನಾನೂ ಅಗ್ಗದ ಎಸ್‌ಎಂಪಿಎಸ್ ಒಂದನ್ನು, ಕ್ಯಾಬಿನೆಟ್ಟಿನೊಳಗೆ ಮರೆಯಾಗುವ ಡಬ್ಬಿ ತಾನೆ ಎಂದು ಕೊಂಡಿದ್ದೆನು. ಇಡೀ ರಾತ್ರಿಯ ರೆಂಡರಿಗೆ ಹಚ್ಚಿ ಮಲಗಿ, ಬೆಳಗ್ಗೆ ಎದ್ದು ನೋಡಿದರೆ ಪರದೆ ಕಪ್ಪಾಗಿದ್ದಿತು. ಮತ್ತೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಗತಿ. ವಾರವೆಲ್ಲ ಕಾರ್ಡನ್ನೂ ತಂತ್ರಾಂಶವನ್ನೂ ಶಂಕಿಸಿದ ಮೇಲೆ, ದೋಷ ಆ ಡಬ್ಬಿಯದೆಂದು ತಿಳಿಯಿತು. ಕಾರ್ಡುಗಳು ಕ್ಷಣಮಾತ್ರ ತಮ್ಮ ಘೋಷಿತ ಮಿತಿಯನ್ನು ಮೀರಿ ವಿದ್ಯುತ್ತನ್ನು ಸೆಳೆಯುವುದುಂಟು. ಅದನ್ನು ತಾಳಿಕೊಳ್ಳುವ ಶಕ್ತಿ ಎಸ್‌ಎಂಪಿಎಸ್ಸಿಗೆ ಇರಬೇಕು. 180 ವ್ಯಾಟಿನ ಕಾರ್ಡು, 65 ವ್ಯಾಟಿನ ಪ್ರೊಸೆಸರುಳ್ಳ ಈ ಯಂತ್ರಕ್ಕೆ 650 ವ್ಯಾಟಿನ ಒಳ್ಳೆಯ ಘಟಕ ನೆಮ್ಮದಿ ಕೊಡುವುದಲ್ಲದೆ, ಮುಂದಿನ ಕಾರ್ಡಿಗೂ ಎಡೆಯಿಡುವುದು. ‘80 ಪ್ಲಸ್’ ಮುದ್ರೆಯನ್ನು ನೋಡಿ ತೃಪ್ತರಾಗುವವರು ಒಂದನ್ನು ನೆನಪಿಡಬೇಕು: ಆ ಮುದ್ರೆ ದಕ್ಷತೆಯನ್ನು ಹೇಳುತ್ತದೆಯೇ ಹೊರತು ರಕ್ಷಣೆಯನ್ನು ಹೇಳುವುದಿಲ್ಲ.

ತಾನೇ ಕಟ್ಟುವ ಈ ಅಭ್ಯಾಸವನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ಹಣ ಉಳಿದೀತೆಂಬುದಕ್ಕಲ್ಲ, ತನ್ನ ಉಪಕರಣದ ಅಂತರಂಗವನ್ನು ಬಲ್ಲವನು ಅದರ ದಾಸನಾಗಲಾರನೆಂಬುದಕ್ಕೆ. ಹೊಸ ಪಟ್ಟಿಯಂತೆ ಭಾಗಗಳು ಬಂದ ದಿನ ಹುಡುಗನು ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಕೂದಲೆಳೆಯಂಥ 1,718 ಪಿನ್ನುಗಳ ಮೇಲೆ ಉಸಿರು ಬಿಗಿಹಿಡಿದು ಇಳಿಸಿದನು. ಸನ್ನೆಯನ್ನು ಒತ್ತುವಾಗ ಕರ್ ಎಂದು ಸದ್ದಾಗಲು, “ಮಾಮ, ಮುರಿಯಿತೇ?” ಎಂದು ಬೆದರಿ ನನ್ನತ್ತ ನೋಡಿದನು. “ಇಲ್ಲಪ್ಪ, ಅದು ಹಾಗೆಯೇ. ಒತ್ತು” ಎಂದೆನು. ಎಸ್‌ಎಸ್‌ಡಿಯನ್ನು ಕೂರಿಸಿದ ಮೇಲೆ ಎರಡನೆಯ ಎಂ.2 ಸ್ಲಾಟಿನ ಮೇಲೆ ಬೆರಳಿಟ್ಟು, “ಇದು ಮುಂದಿನ ವರ್ಷಕ್ಕೆ” ಎಂದನು. ಅಲ್ಲಿಯೂ ಜಾಗ ಖಾಲಿಯೇ. ಆದರೆ ಈ ಸಲ ಅದನ್ನು ತಿಳಿದು ಬಿಟ್ಟಿದ್ದನು.