ವಸ್ತುವೂ ವ್ಯಕ್ತಿಯೂ: ಪಾಮುಕರ ಒಂದು ಕಾದಂಬರಿಯನ್ನು ಕುರಿತು

ಕಾದಂಬರಿಯೊಂದನ್ನು ಬರೆದು, ಅದರೊಳಗಣ ಪಾತ್ರಗಳು ಉಟ್ಟ, ತೊಟ್ಟ, ಮುಟ್ಟಿದ ಪದಾರ್ಥಗಳನ್ನೆಲ್ಲ ಕೂಡಿಹಾಕಿ, ಅವುಗಳಿಗಾಗಿ ಒಂದು ಮನೆಯನ್ನೇ ಅಣಿಗೊಳಿಸಿದ ಗ್ರಂಥಕರ್ತರು ಲೋಕದಲ್ಲಿ ವಿರಳ. ತುರ್ಕಿ ದೇಶದ ಒರ್ಹಾನ್ ಪಾಮುಕರು ಅಂಥವರು. 2006ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಇವರು 2008ರಲ್ಲಿ 'ಮುಗ್ಧತೆಯ ವಸ್ತುಶಾಲೆ' ಎಂಬರ್ಥದ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದರು. 2012ರಲ್ಲಿ ಇಸ್ತಾಂಬುಲ್ ನಗರದ ಚುಕುರ್‌ಜುಮಾ ಎಂಬ ಕೇರಿಯ ಹಳೆಯ ಮನೆಯೊಂದರಲ್ಲಿ ಅದೇ ಹೆಸರಿನ ವಸ್ತುಶಾಲೆಯನ್ನು ತೆರೆದರು. ಆ ವರ್ಷವೇ ಅಲ್ಲಿನ ವಸ್ತುಗಳನ್ನು ಕುರಿತ ಸಚಿತ್ರ ಗ್ರಂಥವೂ, 2015ರಲ್ಲಿ ಗ್ರಾಂಟ್ ಗೀ ಎಂಬವರು ನಿರ್ಮಿಸಿದ ಚಲಚ್ಚಿತ್ರವೂ ಹೊರಬಂದುವು. ಹೀಗೆ ಒಂದೇ ಕಥೆಯು ನಾಲ್ಕು ಮೈಗಳನ್ನು ತಳೆಯಿತು. ಈ ಸಾಹಸವನ್ನು ಮೆಚ್ಚುವುದು ಸುಲಭ. 2014ರಲ್ಲಿ ಯೂರೋಪಿನ ಆ ವರ್ಷದ ವಸ್ತುಸಂಗ್ರಹಾಲಯವೆಂಬ ಪ್ರಶಸ್ತಿಯೂ ಅದಕ್ಕೆ ಸಂದಿತು. ಆದರೆ ಮೆಚ್ಚಿಕೆಗೆ ಮುನ್ನ ವಿಮರ್ಶಕನು ಕೇಳಬೇಕಾದ ಪ್ರಶ್ನೆಯೊಂದುಂಟು. ಒಬ್ಬರು ನಿತ್ಯವೂ ಬಳಸಿದ ಪದಾರ್ಥವು ಅವರು ಎಂಥವರೆಂಬುದನ್ನು ಹೇಳಬಲ್ಲುದೇ? ಹೇಳಬಲ್ಲುದಾದರೆ, ಯಾರ ಬಾಯಿಂದ?

ಕಥಾವಸ್ತು ಸರಳ. ಸಿರಿವಂತರ ಮಗನಾದ ಕೆಮಾಲ್ ತನ್ನ ಭಾವೀ ಪತ್ನಿ ಸಿಬೆಲಳಿಗಾಗಿ ಕೈಚೀಲವೊಂದನ್ನು ಕೊಳ್ಳಲು 1975ರಲ್ಲಿ ಅಂಗಡಿಯೊಂದಕ್ಕೆ ಹೋಗುತ್ತಾನೆ. ಮಾರುತ್ತಿದ್ದವಳು ಬಡ ಮನೆಯ ದೂರದ ಬಂಧು ಫ್ಯುಸುನ್. ಚೀಲವು ನಕಲಿಯೆಂದು ತಿಳಿದುಬರುತ್ತದೆ. ಅನುರಾಗವು ಮಾತ್ರ ಬೆಳೆಯುತ್ತದೆ. ಬಳಿಕ ಆಕೆ ಬೇರೊಬ್ಬನನ್ನು ವರಿಸಿ ತೌರಿನಲ್ಲಿಯೇ ನೆಲೆಸುತ್ತಾಳೆ. ಕೆಮಾಲನು ಸುಮಾರು ಎಂಟು ವರ್ಷಗಳ ಕಾಲ ವಾರದ ಹಲವು ಸಂಜೆ ಆ ಮನೆಗೆ ಊಟಕ್ಕೆ ಹೋಗಿ, ಹೊರಡುವಾಗ ಏನಾದರೊಂದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ: ಉಪ್ಪಿನ ಡಬ್ಬಿ, ಪಿಂಗಾಣಿಯ ನಾಯಿ, ಹಣ್ಣು ತುರಿಯುವ ತುರಿಮಣೆ. ಆಕೆ ಮಡಿದ ಮೇಲೆ ಇವೆಲ್ಲವೂ ಅವನ ಪಾಲಿಗೆ ಪೂಜಾವಸ್ತುಗಳಾಗುತ್ತವೆ.

ವಸ್ತುಶಾಲೆಯ ಗಾಜಿನ ಪೆಟ್ಟಿಗೆಗಳು ಕಾದಂಬರಿಯ 83 ಅಧ್ಯಾಯಗಳನ್ನು ಅನುಸರಿಸಿವೆ. ಮೊದಲನೆಯದರಲ್ಲಿ, ಕಥೆಯ ಆರಂಭದಲ್ಲಿ ಕಿವಿಯಿಂದ ಜಾರಿದ ಒಂಟಿ ಓಲೆ. ಎಲ್ಲಕ್ಕೂ ಮಿಗಿಲಾಗಿ ಕಣ್ಸೆಳೆಯುವುದು ಫ್ಯುಸುನಳು ಸೇದಿ ಎಸೆದವೆನ್ನಲಾದ 4213 ಸಿಗರೇಟಿನ ತುಂಡುಗಳನ್ನು ಗೋಡೆಯ ತುಂಬ ಸಾಲಾಗಿ ಚುಚ್ಚಿಟ್ಟ ಫಲಕ. ಅವುಗಳ ಕೆಳಗೆ ಪಾಮುಕರು ಸ್ವಹಸ್ತದಿಂದ ಬರೆದ ಟಿಪ್ಪಣಿಗಳಿವೆ. ಕಾದಂಬರಿಯ ಅರುವತ್ತೆಂಟನೆಯ ಅಧ್ಯಾಯದಲ್ಲಿ ಕೆಮಾಲನು ಇವುಗಳನ್ನೇ ಓದುತ್ತಾನೆ. ಬೂದಿಪಾತ್ರೆಯಲ್ಲಿ ಒತ್ತಿ ಜಜ್ಜಿದ ತುಂಡಿನಲ್ಲಿ ಅವನಿಗೆ ಆಕೆಯ ಸಿಟ್ಟು ಕಾಣುತ್ತದೆ. ಅರ್ಧಕ್ಕೇ ನಂದಿಸಿದ್ದರಲ್ಲಿ ಬೇಸರ ಕಾಣುತ್ತದೆ. ಪ್ರಣಯವು ಹುಚ್ಚಿಗೆ ತಿರುಗುವ ಬಗೆಯನ್ನು ಇಷ್ಟು ಸಣ್ಣ ಪದಾರ್ಥದಿಂದ, ಇಷ್ಟು ಹೇಯವಾದ ಪದಾರ್ಥದಿಂದ, ಸಾಧಿಸಿದುದು ಸಾಮಾನ್ಯ ಪ್ರತಿಭೆಯ ಕೆಲಸವಲ್ಲ. ಆದರೆ ಪುಸ್ತಕದಲ್ಲಿ ಓದುವಾಗ ನಾವು ಕೆಮಾಲನ ಕಣ್ಣನ್ನು ಸಂದೇಹಿಸಬಲ್ಲೆವು. ಗೋಡೆಯ ಮುಂದೆ ಆ ಸಂದೇಹವು ಮಾಯವಾಗುವ ಭಯವಿದೆ. ಕಣ್ಣೆದುರಿಗಿರುವ ಪದಾರ್ಥವು ಸಾಕ್ಷಿಯಂತೆ ನಿಲ್ಲುತ್ತದೆ. ಸಾಕ್ಷಿ ಯಾರ ಪರ?

ಇಲ್ಲಿ ನಮಗೆ ಪರಿಚಿತವಾದ ಒಂದು ಪ್ರಸಂಗವು ನೆನಪಾಗದಿರದು. ಋಷ್ಯಮೂಕದಲ್ಲಿ ಸುಗ್ರೀವನು ತಂದಿಟ್ಟ ಆಭರಣಗಳ ಗಂಟನ್ನು ಕಂಡು ರಾಮನ ಕಣ್ಣು ನೀರಿನಿಂದ ಮಂಜಾಯಿತು. ಲಕ್ಷ್ಮಣನಿಗೆ ಗುರುತು ಹತ್ತಿದ್ದು ಕಾಲಂದುಗೆಗಳು ಮಾತ್ರ. ಗಂಟು ಒಂದೇ, ನೋಡಿದವರ ನಂಟಿನಂತೆ ಅದರ ಅರ್ಥ ಬೇರೆಯಾಯಿತು. ಆದರೂ ಆ ಒಡವೆಗಳನ್ನು ಆಕಾಶದಿಂದ ಬೀಳಿಸಿದವಳು ಸೀತಾದೇವಿಯೇ. ಅಶೋಕವನದಲ್ಲಿ ಚೂಡಾಮಣಿಯನ್ನು ಬಿಚ್ಚಿ ಹನುಮಂತನ ಕೈಗಿತ್ತವಳೂ ಆಕೆಯೇ. ತನ್ನ ಗುರುತು ಯಾವುದೆಂಬುದನ್ನು ಆಕೆ ತಾನೇ ಆರಿಸಿದಳು. ಫ್ಯುಸುನಳಿಗೆ ಆ ಅಧಿಕಾರವೆಲ್ಲಿ? ಆಕೆಯ ತುರಿಮಣೆಯನ್ನೂ ಉಪ್ಪಿನ ಡಬ್ಬಿಯನ್ನೂ ಆರಿಸಿದವನು ಕೆಮಾಲ್. ಅವನು ಕದ್ದದ್ದು ಆಕೆ ಬೆಲೆಯಿತ್ತ ವಸ್ತುಗಳನ್ನಲ್ಲ, ಆಕೆಯ ಕೈ ಸೋಕಿದ ವಸ್ತುಗಳನ್ನು. ಆಕೆಗೆ ಬೇಕಾಗಿದ್ದುದು ಚಲಚ್ಚಿತ್ರದ ನಟಿಯಾಗುವುದು. ಅದಕ್ಕೆ ಅಡ್ಡಗಾಲಾದವರಲ್ಲಿ ಈ ಆರಾಧಕನೂ ಒಬ್ಬ. ಆದಕಾರಣ ಆ ಮನೆಯ ಪೆಟ್ಟಿಗೆಗಳಲ್ಲಿ ಚಿತ್ರಿತವಾಗಿರುವುದು ಫ್ಯುಸುನಳ ವ್ಯಕ್ತಿತ್ವವಲ್ಲ, ಕೆಮಾಲನ ವ್ಯಕ್ತಿತ್ವ ಎಂದು ಹೇಳಬೇಕಾಗುತ್ತದೆ.

ಗ್ರಂಥಕರ್ತರಿಗೆ ಇದು ತಿಳಿಯದೆಂದಲ್ಲ. ಕೆಮಾಲನ ಕಥೆಯನ್ನು ಕೇಳಿ ಬರೆಯುವವರಾಗಿ ಕಾದಂಬರಿಯೊಳಗೆ ಅವರೇ ಪಾತ್ರವಾಗಿ ಬರುತ್ತಾರೆ. ವಸ್ತುಶಾಲೆಯ ಅಟ್ಟದಲ್ಲಿ ಕೆಮಾಲನ ಮಂಚವಿದೆಯೇ ಹೊರತು ಫ್ಯುಸುನಳದಲ್ಲ. ದೊಡ್ಡ ವಸ್ತುಶಾಲೆಗಳು ರಾಜ್ಯಗಳ ಚರಿತ್ರೆಯನ್ನು ಹೇಳಿದರೆ ಸಾಲದು, ಸಣ್ಣ ಮನೆಗಳು ವ್ಯಕ್ತಿಗಳ ಕಥೆಯನ್ನು ಹೇಳಬೇಕು ಎಂಬ ಅವರ ವಾದವೂ ಒಪ್ಪತಕ್ಕದ್ದೇ. ಆದರೆ ಇನ್ನೊಂದು ತೊಡಕಿದೆ. ಚುಕುರ್‌ಜುಮಾ ಹಳೆಯ ಸಾಮಾನಿನ ಅಂಗಡಿಗಳಿಗೆ ಹೆಸರಾದ ಕೇರಿ. ಅಂಥ ಅಂಗಡಿಗಳಿಂದ ಬಂದ ಲೋಟ, ಗಡಿಯಾರ, ಕೀಲಿಕೈಗಳಿಗೆ ನಿಜವಾದ ಒಡೆಯರು ಒಂದು ಕಾಲದಲ್ಲಿ ಇದ್ದರಷ್ಟೆ. ಅವರ ಹೆಸರಳಿದು ಆ ಜಾಗದಲ್ಲಿ ಕಲ್ಪಿತ ಪಾತ್ರಗಳ ಹೆಸರು ಬಂದು ಕುಳಿತಿದೆ. ಇದಕ್ಕೆ ವ್ಯತಿರಿಕ್ತವಾಗಿ 'ಮೆಲ್ತೆಮ್' ಎಂಬ, ಲೋಕದಲ್ಲಿ ಎಂದೂ ಇಲ್ಲದಿದ್ದ, ಕಥೆಯಲ್ಲಿ ಮಾತ್ರವಿದ್ದ ಪಾನೀಯಕ್ಕೆ ಸೀಸೆಯನ್ನೂ ಜಾಹೀರಾತನ್ನೂ ಹೊಸದಾಗಿ ಮಾಡಿಸಿಟ್ಟಿದ್ದಾರೆ. ಲೇಖಕನ ಅಭಿಪ್ರಾಯದಲ್ಲಿ ಈ ಸೀಸೆಯೇ ಹೆಚ್ಚು ಪ್ರಾಮಾಣಿಕವಾದದ್ದು. ಅದು ಯಾರದೆಂದೂ ಸುಳ್ಳಾಡುವುದಿಲ್ಲ.

ಸಚಿತ್ರ ಗ್ರಂಥದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಿತ್ರಗಳು ಅಂದವಾಗಿವೆ, ವಿವರಣೆ ಹಿತಮಿತವಾಗಿದೆ. ಚಲಚ್ಚಿತ್ರವು ಮಾತ್ರ ಗಮನಾರ್ಹ. ಅದರಲ್ಲಿ ಫ್ಯುಸುನಳನ್ನು ಬಲ್ಲವಳಾದ ಆಯ್ಲಾ ಎಂಬವಳು, ಬಹುಕಾಲ ಹೊರಗಿದ್ದು ಊರಿಗೆ ಮರಳಿ, ಇರುಳಿನ ಬೀದಿಗಳ ದೃಶ್ಯಗಳ ನಡುವೆ ತನ್ನ ನೆನಪುಗಳನ್ನು ಹೇಳುತ್ತಾಳೆ. ಪಾಮುಕರೇ ಬರೆದುಕೊಟ್ಟ ಮಾತುಗಳಾದರೂ, ನಾಲ್ಕನೆಯ ಮಾಧ್ಯಮಕ್ಕೆ ಬಂದಾಗಲಾದರೂ ಕೆಮಾಲನದಲ್ಲದ ಒಂದು ಕಂಠವು ಕೇಳಿಬರುತ್ತದೆ. ಕಾದಂಬರಿಯಲ್ಲಿ ಈ ಕಂಠಕ್ಕೆ ಎರಡು ಅಧ್ಯಾಯಗಳಾದರೂ ದೊರೆತಿದ್ದರೆ ಕೃತಿಯ ತೂಕವು ಬೇರೆಯಾಗುತ್ತಿತ್ತು. ಮೌರೀನ್ ಫ್ರೀಲಿಯವರ ಆಂಗ್ಲಾನುವಾದವು 2009ರಿಂದ ದೊರೆಯುತ್ತಿದೆ. ನಮ್ಮ ವಾಚಕರು ಮೊದಲು ಅದನ್ನೋದಿ, ಸಿಗರೇಟಿನ ತುಂಡುಗಳ ಅಧ್ಯಾಯದ ಬಳಿ ತುಸು ತಂಗಿ, ಅನಂತರ ಪೆಟ್ಟಿಗೆಗಳ ಚಿತ್ರಗಳನ್ನು ನೋಡುವುದು ಮೇಲು. ಮೊದಲೇ ಚಿತ್ರಗಳನ್ನು ನೋಡಿದವರಿಗೆ ಫ್ಯುಸುನಳ ಮುಖವನ್ನು ತಾವೇ ಕಲ್ಪಿಸಿಕೊಳ್ಳುವುದು ಕಷ್ಟವಾದೀತು.