ಗೋಡೆಯ ಮೇಲಿನ ಕದನ

ಕೋಯಂಬೇಡಿನಿಂದ ರಜೆಗೆ ಊರಿಗೆ ಹೋಗುವ ನಮ್ಮವರಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡದವರು ವಿರಳ. 1784ರ ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಕದನ ಚಿತ್ರಿತವಾಗಿದೆ: ಸಿಡಿಯುವ ಮದ್ದಿನ ಬಂಡಿ, ಚೌಕವಾಗಿ ನಿಂತ ಕುಂಪಣಿ ಸೈನ್ಯ, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ. 1780ರ ಸೆಪ್ಟೆಂಬರ್ 10ರಂದು ಹೈದರ್-ಟಿಪ್ಪು ಗೆದ್ದ ಈ ಕದನ ನಡೆದದ್ದು ನಾವು ಬಿಟ್ಟುಬಂದ ನಾಡಿನಲ್ಲಲ್ಲ. ನಮಗೆ ಅನ್ನವಿಟ್ಟ ಈ ನೆಲದಲ್ಲಿ, ಕಾಂಚೀಪುರದ ಬಳಿ.

ಚಿತ್ರ ಸೊಗಸಾಗಿದೆ, ನಿಜ. ಆದರೆ ಬರೆಸಿದವರು ಗೆದ್ದವರು. ಮಾಸಿದಾಗ ಮತ್ತೆ ಬರೆಸಿದವರು 1799ರಲ್ಲಿ ಪಟ್ಟಣವನ್ನು ಹಿಡಿದ ಇಂಗ್ಲಿಷರು. ಆ ದಂಡಯಾತ್ರೆಯಲ್ಲಿ ಹೈದರನ ಸೈನ್ಯ ಸುಟ್ಟ ತಮಿಳು ರೈತರ ಹಳ್ಳಿಗಳು ಇವರಿಬ್ಬರ ಗೋಡೆಯಲ್ಲೂ ಜಾಗ ಪಡೆಯಲಿಲ್ಲ.

ಬಣ್ಣ ಉಳಿಸಿದ ಮಾತ್ರಕ್ಕೆ ಚರಿತ್ರೆ ಉಳಿಯುವುದಿಲ್ಲ. ಯಾರು ಬರೆಸಿದರು, ಯಾರು ತಿದ್ದಿಸಿದರು, ಯಾರನ್ನು ಬಿಟ್ಟರು ಎಂಬುದನ್ನು ನೋಡಬಂದವರಿಗೆ ತಿಳಿಸಬೇಕು. ಗೋಡೆಯ ಬಳಿಯಲ್ಲೂ, ಪೊಳ್ಳಿಲೂರಿನ ಬಯಲಿನಲ್ಲೂ, ಕನ್ನಡ ತಮಿಳು ಎರಡರಲ್ಲೂ.

ಈ ಸಲ ಊರಿಗೆ ಹೊರಟಾಗ ದಾರಿಯಲ್ಲಿ ಕಾಂಚೀಪುರದ ಕಡೆ ತಿರುಗಿ, ಮಕ್ಕಳಿಗೆ ಗೋಡೆಗಿಂತ ಮೊದಲು ಆ ಬಯಲನ್ನು ತೋರಿಸೋಣ. ಗೆಲುವನ್ನು ನಮ್ಮದೆನ್ನುವ ಬಾಯಿ ನೆರೆಯವರ ನೋವನ್ನೂ ಹೇಳಲಿ.